ಕೊಡುವುದಿದೆ, ಬೇಕಾಗಿದೆ

ಅಮ್ಮ ತೀರಿಕೊಂಡ ಮಾರನೆಯ ದಿನ ಪತ್ರಿಕೆಗೆ ಶ್ರದ್ಧಾಂಜಲಿ ಕೊಡಲು ಪೇಟೆಗೆ ಹೋಗಿದ್ದೆ. ಏಜೆಂಟರು ನಮ್ಮ ಮನೆಯನ್ನು ಬಲ್ಲವರು. ನಾನು ಬರೆದುಕೊಂಡು ಹೋದ ಚೀಟಿಯನ್ನು ಎರಡು ಸಲ ಓದಿದರು, ಆಮೇಲೆ ಪೆನ್ನು ತೆಗೆದು ಒಂದೇ ಒಂದು ಶಬ್ದವನ್ನು ಹೊಡೆದುಹಾಕಿದರು. ನಾನು ‘ಕೃಷಿಕರು’ ಎಂದು ಬರೆದಿದ್ದೆ. ಅದರ ಮೇಲೆ ಅವರು ‘ಗೃಹಿಣಿ’ ಎಂದು ಬರೆದರು. “ಹೆಂಗಸರಿಗೆ ಹಾಗೇ ಹಾಕುವುದು ಕ್ರಮ, ಮಾಷ್ಟ್ರೇ” ಎಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ವಾದ ಮಾಡುವ ತ್ರಾಣ ನನಗೂ ಇರಲಿಲ್ಲ. ದುಡ್ಡು ಕೊಟ್ಟು ಬಂದೆ. ಮರುದಿನದ ಪತ್ರಿಕೆಯಲ್ಲಿ ಅಮ್ಮ ಗೃಹಿಣಿಯಾಗಿದ್ದಳು. ಅರುವತ್ತು ವರ್ಷ ಅಡಿಕೆ ಸುಲಿದವಳು, ಮೋಡ ಕವಿದರೆ ಊಟ ಬಿಟ್ಟು ಎದ್ದು ಅಂಗಳದ ಅಡಿಕೆ ರಾಶಿ ಮಾಡಿದವಳು, ಗುಡ್ಡೆಯಿಂದ ಸೊಪ್ಪಿನ ಹೊರೆ ಹೊತ್ತು ತಂದವಳು, ಬೀಜಕ್ಕೆ ಯಾವ ಮರದ ಗೊನೆ ಉಳಿಸಬೇಕೆಂದು ಕತ್ತೆತ್ತಿ ನೋಡಿಯೇ ಹೇಳುತ್ತಿದ್ದವಳು.

ಈ ಸಂಚಿಕೆಯನ್ನು ಹಳ್ಳಿಯ ಸಣ್ಣ ಜಾಹೀರಾತುಗಳಿಗೂ ಪ್ರಕಟಣೆಗಳಿಗೂ ಮೀಸಲಿಡಬೇಕು ಎಂದು ಅನ್ನಿಸಿದ್ದು ಆ ಚೀಟಿಯಿಂದ.

ಪುತ್ತೂರು, ಸುಳ್ಯದ ಕಡೆ ಹಿರಿಯರು ಪತ್ರಿಕೆ ಓದುವ ಕ್ರಮ ನೋಡಿ ಬೆಳೆದವನು ನಾನು. ಮೊದಲು ನಿಧನ. ಆಮೇಲೆ ಅಡಿಕೆ ಧಾರಣೆ: ಹೊಸತು, ಹಳತು, ಪಟೋರ, ಉಳ್ಳಿಗಡ್ಡೆ, ಕರಿಗೋಟು, ಕೋಕಾ. ಅದರ ನಂತರ ‘ಕೊಡುವುದಿದೆ, ಬೇಕಾಗಿದೆ’. ದೇಶದ ಸುದ್ದಿಗೆ ಬರುವಷ್ಟರಲ್ಲಿ ಕಾಫಿ ಮುಗಿದಿರುತ್ತಿತ್ತು. ಇದನ್ನು ಹಳ್ಳಿಗರ ಸಂಕುಚಿತ ಬುದ್ಧಿ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆ ಮೂರು ಅಂಕಣಗಳಲ್ಲಿ ಊರು ಇರುತ್ತಿತ್ತು. ಯಾರು ಹೋದರು, ಯಾರ ಕೈಗೆ ಎಷ್ಟು ಬಂತು, ಯಾರಿಗೆ ಏನು ಸಾಲದು.

1988ರಲ್ಲಿ ಪುತ್ತೂರಿನಿಂದ ‘ಅಡಿಕೆ ಪತ್ರಿಕೆ’ ಹೊರಟಿತು. ಕೃಷಿಕರ ಕೈಗೆ ಲೇಖನಿ ಕೊಡುತ್ತೇವೆ ಎಂದು ಹೊರಟ ಆ ಮಾಸಿಕ, ಶ್ರೀಪಡ್ರೆಯವರ ಮುಂದಾಳ್ತನದಲ್ಲಿ ಅದನ್ನು ಮಾಡಿಯೂ ತೋರಿಸಿತು. ತೋಟದಲ್ಲಿ ದುಡಿಯುವವರೇ ತಮ್ಮ ತೋಟದ ಬಗ್ಗೆ ಬರೆದರು. ಆದರೆ ಅದಕ್ಕೂ ಮೊದಲು, ಬೇರೇನೂ ಬರೆಯದ ಕೃಷಿಕ ಲೇಖನಿ ಹಿಡಿಯುತ್ತಿದ್ದುದು ಈ ಸಣ್ಣ ಚೀಟಿಗಳಿಗಾಗಿ. ಪದಕ್ಕಿಷ್ಟು, ಸಾಲಿಗಿಷ್ಟು ಎಂದು ತನ್ನ ಕಿಸೆಯಿಂದ ಕೊಟ್ಟು ಬರೆಯುವಾಗ ಮನುಷ್ಯ ಪ್ರತಿ ಶಬ್ದವನ್ನೂ ತೂಗುತ್ತಾನೆ. ನಮ್ಮ ಪತ್ರಿಕೆಗೆ ಬರುವ ಕಥೆಗಳಲ್ಲಿ ಈ ತೂಕವನ್ನು ನಾನು ದಿನವೂ ಹುಡುಕುತ್ತೇನೆ, ಸಿಗುವುದು ಅಪರೂಪ.

ಜಾಗ ಮಾರುವ ಜಾಹೀರಾತನ್ನೇ ನೋಡಿ. ‘4.20 ಎಕ್ರೆ ವರ್ಗ, ಕುಮ್ಕಿ ಇದೆ, ಫಲ ಬರುವ ಅಡಿಕೆ ತೋಟ, ಸುರಂಗ ನೀರು, ಬೋರು 1, ಮನೆವರೆಗೆ ರಸ್ತೆ.’ ಇಷ್ಟೇ. ಹೊರಗಿನವರಿಗೆ ಇದು ಪಟ್ಟಿ, ನಮಗೆ ಪೂರ್ತಿ ಚಿತ್ರ. ವರ್ಗ ಎಂದರೆ ತೀರ್ವೆ ಕಟ್ಟುವ ಸ್ವಂತ ಜಾಗ. ಕುಮ್ಕಿ ಎಂದರೆ ಅದರ ಗಡಿಯಿಂದ ನೂರು ಗಜದೊಳಗಿನ ಸರಕಾರಿ ಜಾಗ. ಸೊಪ್ಪು, ಸೌದೆ, ದನ ಮೇಯಿಸುವ ಸವಲತ್ತು ಮಾತ್ರ ನಮ್ಮದು, ಮದರಾಸು ಪ್ರಾಂತ್ಯದ ಕಾಲದಿಂದ ಬಂದದ್ದು. ಕುಮ್ಕಿ ಮಾರಲು ಬರುವುದಿಲ್ಲ. ಆದರೂ ಜಾಹೀರಾತಿನಲ್ಲಿ ಅದು ಇರಲೇಬೇಕು, ಸೊಪ್ಪಿನ ಗುಡ್ಡೆ ಇಲ್ಲದ ತೋಟಕ್ಕೆ ಕ್ರಯ ಹುಟ್ಟುವುದಿಲ್ಲ. ಸುರಂಗ ನೀರು ಎಂದ ಕೂಡಲೇ ಓದುವವನಿಗೆ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಕತ್ತಲ ದಾರಿ, ಅದರ ಬಾಯಲ್ಲಿ ಅಡಿಕೆ ದಂಬೆಯಲ್ಲಿ ಇಳಿದು ಬರುವ ನೀರು ಕಾಣುತ್ತದೆ. ಪಂಪು ಬೇಡ, ಕರೆಂಟು ಬೇಡ. ಎರಡೇ ಶಬ್ದ.

ಬರೆಯದೆ ಬಿಟ್ಟದ್ದನ್ನೂ ಓದುವ ಅಭ್ಯಾಸ ನಮ್ಮವರಿಗಿದೆ. ಸಂಪಾಜೆ, ಅರಂತೋಡು ಕಡೆ ಹಳದಿ ರೋಗ ತೋಟಗಳನ್ನು ತಿನ್ನತೊಡಗಿದ ಮೇಲೆ ಕೆಲವು ಜಾಹೀರಾತುಗಳಲ್ಲಿ ಅಡಿಕೆಯ ಫಸಲಿನ ಲೆಕ್ಕ ಕಾಣೆಯಾಯಿತು. ಅದರ ಜಾಗದಲ್ಲಿ ‘ರಬ್ಬರಿಗೆ ಯೋಗ್ಯ’ ಎಂದು ಬಂತು. ರೋಗದ ಹೆಸರನ್ನು ಯಾರೂ ಬರೆಯಲಿಲ್ಲ. ಮೂರು ತಲೆಮಾರಿನ ತೋಟ ಕಣ್ಣೆದುರು ಹಳದಿಯಾಗಿ ಸೊರಗುವುದನ್ನು ನೋಡಿದವನು ಅದನ್ನು ದುಡ್ಡು ಕೊಟ್ಟು ಅಚ್ಚು ಹಾಕಿಸುವುದಾದರೂ ಹೇಗೆ? ಅವನ ಮೌನವನ್ನು ಮೋಸ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ಬೆಳೆಯ ಕಥೆಯಂತೂ ಪೂರ್ತಿ ಈ ಅಂಕಣದಲ್ಲೇ ನಡೆಯಿತು. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದು ಅಲ್ಲಿನ ವೆನಿಲ್ಲಾ ನೆಲಕಚ್ಚಿತು. ಒಂದೆರಡು ವರ್ಷದಲ್ಲಿ ನಮ್ಮಲ್ಲಿ ಹಸಿ ಕೋಡಿಗೆ ಕಿಲೋಗೆ ಸಾವಿರಗಳಲ್ಲಿ ಮಾತಾಯಿತು. ‘ವೆನಿಲ್ಲಾ ಬಳ್ಳಿ ಕೊಡುವುದಿದೆ, ಮೀಟರ್ ಲೆಕ್ಕದಲ್ಲಿ.’ ಮೊದಲು ಬಳ್ಳಿ, ಆಮೇಲೆ ಬಳ್ಳಿ ಕಾಯಲು ಜನ, ಆಮೇಲೆ ‘ಪರಾಗಸ್ಪರ್ಶ ಗೊತ್ತಿರುವ ಹೆಂಗಸರು ಬೇಕಾಗಿದ್ದಾರೆ’. ವೆನಿಲ್ಲಾ ಹೂವು ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಅಷ್ಟರೊಳಗೆ ಒಂದೊಂದು ಹೂವಿನ ತುಟಿ ಸೀಳಿ, ಕಡ್ಡಿಯ ತುದಿಯಿಂದ ನಡುವಿನ ಪರದೆ ಎತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಮೆಲ್ಲಗೆ ಒತ್ತಬೇಕು. ನಮ್ಮ ಪಕ್ಕದ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದ ಅಕ್ಕ ಒಬ್ಬರು ಬೆಳಗಾತ ಬಂದು ಆ ಕೆಲಸ ಮಾಡುತ್ತಿದ್ದರು. ಬೀಡಿ ಎಲೆ ಮಡಚಿ ಪಳಗಿದ ಬೆರಳುಗಳಿಗೆ ಅದು ಒಂದೇ ದಿನದಲ್ಲಿ ಒಲಿಯಿತು. 2004ರ ಹೊತ್ತಿಗೆ ಕ್ರಯ ಬಿದ್ದಿತು. ಬಳ್ಳಿ ಕೊಡುವ ಜಾಹೀರಾತುಗಳು ಒಂದೊಂದಾಗಿ ನಿಂತವು. ವೆನಿಲ್ಲಾ ಏರಿದ ಕಥೆಗೆ ಲೇಖನಗಳಿವೆ, ಭಾಷಣಗಳಿವೆ. ಅದು ಇಳಿದದ್ದು ತಿಳಿಯಬೇಕಾದರೆ ಆ ಅಂಕಣ ಖಾಲಿಯಾದ ವಾರವನ್ನು ಹುಡುಕಬೇಕು. ಅಕ್ಕ ಮತ್ತೆ ಬೀಡಿಗೆ ಹೋದರು.

ಬೇಕಾಗಿದ್ದಾರೆ ಎಂಬ ಕಡೆ ಮೂವತ್ತು ವರ್ಷಗಳಲ್ಲಿ ಆದ ಬದಲಾವಣೆ ನನ್ನನ್ನು ಹೆಚ್ಚು ಕಾಡುತ್ತದೆ. ಹಿಂದೆ ‘ಮದ್ದು ಬಿಡಲು, ಅಡಿಕೆ ಕೊಯ್ಯಲು ಜನ ಬೇಕಾಗಿದ್ದಾರೆ’. ಆಮೇಲೆ ‘ತೋಟ ನೋಡಿಕೊಳ್ಳಲು ಸಂಸಾರಸ್ಥರು ಬೇಕು, ಮನೆ ಕೊಡಲಾಗುವುದು’. ಈಗ ‘ಹಿರಿಯರಿಬ್ಬರನ್ನು ನೋಡಿಕೊಳ್ಳಲು ಮಹಿಳೆ ಬೇಕು, ಮನೆಯಲ್ಲೇ ಇರಬೇಕು’. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ಕೆಳಗಿರುವ ಫೋನ್ ನಂಬರು ಅವರದು. ತೋಟದ ಮಾತು ಆ ಜಾಹೀರಾತಿನಲ್ಲಿ ಬರುವುದೇ ಇಲ್ಲ.

ಮದುವೆಯ ಜಾಹೀರಾತು ಇದರ ಇನ್ನೊಂದು ಮುಖ. ಒಂದು ಕಾಲಕ್ಕೆ ವರನ ಎಕ್ರೆ ಮೊದಲು, ಓದು ಆಮೇಲೆ. ನಂತರ ‘ಪೇಟೆಗೆ 3 ಕಿ.ಮೀ.’, ‘ಮನೆವರೆಗೆ ಕಾರು ಬರುತ್ತದೆ’, ‘ಇಂಟರ್‌ನೆಟ್ ಇದೆ’ ಎಂದು ಸೇರಿಕೊಂಡಿತು. ಈಗ ‘ಅನಾಥೆಯಾದರೂ ಅಡ್ಡಿಯಿಲ್ಲ’, ‘ಉಪಜಾತಿ ಅಡ್ಡಿಯಿಲ್ಲ’. 2021ರಲ್ಲಿ ತಮಿಳುನಾಡು ಬ್ರಾಹ್ಮಣ ಸಂಘ ಅಲ್ಲಿಯ ಹುಡುಗರಿಗಾಗಿ ಉತ್ತರ ಪ್ರದೇಶ, ಬಿಹಾರಗಳಲ್ಲಿ ಹೆಣ್ಣು ಹುಡುಕಲು ಹೊರಟಿತು. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಕೆ.ಎಂ.ದೊಡ್ಡಿಯಿಂದ ಮದುವೆಯಾಗದ ರೈತ ಯುವಕರು ಹೆಣ್ಣು ಸಿಗಲಿ ಎಂಬ ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದರು. ಟಿವಿಯಲ್ಲಿ ನೋಡಿ ನಕ್ಕವರು ಹಲವರು. ನನಗೆ ನಗು ಬರಲಿಲ್ಲ. ‘ಅಡ್ಡಿಯಿಲ್ಲ’ ಎಂಬ ಶಬ್ದವನ್ನು ಬರೆಯುವ ಮೊದಲು ಒಂದು ಮನೆಯ ಜಗಲಿಯಲ್ಲಿ ಎಷ್ಟು ರಾತ್ರಿ ಮಾತಾಗಿರುತ್ತದೆ ಎಂದು ನನಗೆ ಗೊತ್ತು. ಹುಡುಗಿಯರ ಮೇಲೂ ನನಗೆ ದೂರಿಲ್ಲ. ದುಡಿದದ್ದಕ್ಕೆ ಹೆಸರಿಲ್ಲದ ಬಾಳು ತಮ್ಮ ಅಮ್ಮಂದಿರಿಗೆ ಏನು ಕೊಟ್ಟಿತು ಎಂಬುದನ್ನು ಅವರು ಹತ್ತಿರದಿಂದ ನೋಡಿ ಬೆಳೆದವರು.

ಜಾಹೀರು ನೋಟೀಸುಗಳದು ಬೇರೆಯೇ ಕನ್ನಡ. ನಮ್ಮಲ್ಲಿ ‘ಯಾನೆ’, ಬಡಗಣ ಸೀಮೆಯಲ್ಲಿ ‘ಊರ್ಫ್’, ಮೈಸೂರು ಕಡೆ ‘ಬಿನ್’ ಮತ್ತು ‘ಕೋಂ’. 2019ರಲ್ಲಿ ವರ್ಷಕ್ಕೆ 6000 ರೂಪಾಯಿ ಕೊಡುವ ಕಿಸಾನ್ ಸಮ್ಮಾನ್ ಯೋಜನೆ ಬಂದ ಮೇಲೆ ಪಹಣಿಯ ಹೆಸರೂ ಆಧಾರದ ಹೆಸರೂ ಹೊಂದದೆ ಎಷ್ಟೋ ಜನ ಪೇಚಿಗೆ ಬಿದ್ದರು. ‘ಅವರೂ ಇವರೂ ಒಬ್ಬರೇ’ ಎಂದು ಅಫಿದಾವಿತ್ ಮಾಡಿ ಪ್ರಕಟಣೆ ಕೊಡುವವರ ಸಾಲು ಬೆಳೆಯಿತು. ಅಜ್ಜ ಇಟ್ಟ ಹೆಸರು, ಶಾಲೆಯಲ್ಲಿ ಮಾಷ್ಟ್ರು ಬರೆದ ಹೆಸರು, ಶಾನುಭೋಗರು ಬರೆದುಕೊಂಡ ಹೆಸರು ಎಲ್ಲ ಸೇರಿ ಒಬ್ಬ ಮನುಷ್ಯ ಎಂದು ಅವನೇ ದುಡ್ಡು ಕೊಟ್ಟು ಸಾರಬೇಕಾಯಿತು.

ಅದೇ ನೋಟೀಸುಗಳ ಕೊನೆಯಲ್ಲಿ ಬರುವ ಚಕ್ಕುಬಂದಿಯನ್ನು ನಾನು ಬಿಡದೆ ಓದುತ್ತೇನೆ. ಪೂರ್ವಕ್ಕೆ ತೋಡು, ಪಶ್ಚಿಮಕ್ಕೆ ಇಂಥವರ ಜಾಗ, ಉತ್ತರಕ್ಕೆ ಕಾಲುದಾರಿ, ದಕ್ಷಿಣಕ್ಕೆ ಸರಕಾರಿ ಗುಡ್ಡೆ. ಯಾರದಾದರೂ ತಕರಾರಿದ್ದರೆ ಏಳು ದಿನದೊಳಗೆ ತಿಳಿಸಬೇಕು. ಈ ‘ಯಾರದಾದರೂ’ ಎಂಬ ಮಾತಿನ ಹಿಂದೆ ಹೆಚ್ಚಾಗಿ ಇರುವುದು ಮದುವೆಯಾಗಿ ಹೋದ ಅಕ್ಕ ತಂಗಿಯರು. ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲಿನ ಹಕ್ಕು ಬಂತು. ಅದಕ್ಕೂ ಮೊದಲೇ ನಮ್ಮ ಅಳಿಯಸಂತಾನದ ಮನೆತನಗಳಲ್ಲಿ ಪಾಲು ಹೆಣ್ಣಿನ ಕವಲು ಹಿಡಿದೇ ಇಳಿಯುತ್ತಿತ್ತು, ಅಲ್ಲಿನ ನೋಟೀಸುಗಳಲ್ಲಿ ಹೆಂಗಸರ ಹೆಸರು ಸಾಲುಸಾಲಾಗಿ ಕಾಣುತ್ತದೆ. ಉಳಿದವರ ಮನೆಗಳಲ್ಲಿ ಹೆಣ್ಣಿನ ಹೆಸರು ಜಾಗದ ಜೊತೆ ಅಚ್ಚಾಗುವುದು ಆಕೆ ತಕರಾರು ಎತ್ತಿದಾಗ ಅಥವಾ ಹಕ್ಕು ಬಿಟ್ಟುಕೊಟ್ಟಾಗ. ದುಡಿದದ್ದಕ್ಕಾಗಿ ಅಲ್ಲ. ನನ್ನ ಚೀಟಿಯಲ್ಲಿ ಹೊಡೆದುಹಾಕಿದ ಆ ಒಂದು ಶಬ್ದಕ್ಕೆ ಇಷ್ಟೆಲ್ಲ ಬೇರಿದೆ ಎಂದು ಈ ಸಂಚಿಕೆಯ ಕೆಲಸ ಮಾಡುವಾಗ ತಿಳಿಯಿತು. ಶ್ರದ್ಧಾಂಜಲಿ ಕೊಡಲು ಹೋಗುವವರಲ್ಲಿ ನನ್ನದೊಂದು ಪ್ರಾರ್ಥನೆ. ನಿಮ್ಮ ಅಮ್ಮ, ಅತ್ತೆ, ಅಜ್ಜಿ ತೋಟದಲ್ಲಿ ದುಡಿದವರಾಗಿದ್ದರೆ ‘ಕೃಷಿಕರು’ ಎಂದೇ ಬರೆಯಿರಿ. ಹೊಡೆದುಹಾಕಿದರೆ ಮತ್ತೆ ಬರೆಯಿರಿ. ನಾನು ಮಾಡದೆ ಬಂದ ಕೆಲಸ ಅದು.

ಈಗ ಹೆಚ್ಚಿನ ಕೊಡುಕೊಳ್ಳುವಿಕೆ ವಾಟ್ಸ್ಆ್ಯಪ್ ಗ್ರೂಪಿಗೆ ಹೋಗಿದೆ. ಬೆಳಗ್ಗೆ ಹಾಕಿದ ‘ಇಂಟರ್‌ಸೆ ಮಂಗಳ ಸಸಿ ಇದೆ’ ಎಂಬ ಸಂದೇಶಕ್ಕೆ ಮಧ್ಯಾಹ್ನದೊಳಗೆ ಗಿರಾಕಿ ಬರುತ್ತಾರೆ. ಅದರಿಂದ ರೈತನಿಗೆ ಲಾಭವೇ. ನನ್ನ ಚಿಂತೆ ಒಂದೇ. ಫೋನು ತುಂಬಿದಾಗ ಅದೆಲ್ಲ ಅಳಿಸಿಹೋಗುತ್ತದೆ. ಇತ್ತ ಹಳೆಯ ಪತ್ರಿಕೆಗಳಿಂದ ಲೇಖನ ಕತ್ತರಿಸಿ ಫೈಲು ಮಾಡುವ ನಮ್ಮಂಥವರು ಸುತ್ತಲಿನ ಜಾಹೀರಾತಿನ ಪಟ್ಟಿಯನ್ನು ಕತ್ತರಿಸಿ ಎಸೆದುಬಿಟ್ಟಿದ್ದೇವೆ. ಊರಿನ ಬಗ್ಗೆ ನಾವು ಬರೆದದ್ದು ಉಳಿಯಿತು, ಊರು ಬರೆದದ್ದು ಹೋಯಿತು. ಆದ್ದರಿಂದ ಓದುಗರಲ್ಲಿ ಕೇಳುತ್ತಿದ್ದೇನೆ: ನಿಮ್ಮ ಮನೆಯ ಅಟ್ಟದಲ್ಲಿ, ಪೆಟ್ಟಿಗೆಯ ತಳಕ್ಕೆ ಹಾಸಿದ ಕಾಗದದಲ್ಲಿ, ಜಾತಕದ ಕಟ್ಟಿನಲ್ಲಿ ಇಂಥ ತುಣುಕುಗಳಿದ್ದರೆ ನಮಗೆ ಕಳುಹಿಸಿ, ನಕಲು ಮಾಡಿಕೊಂಡು ಹಿಂದಿರುಗಿಸುತ್ತೇವೆ. ಕತ್ತರಿಸುವುದಾದರೆ ಪುಟದ ಮೇಲಿನ ತಾರೀಕು ಉಳಿಯುವಂತೆ ಕತ್ತರಿಸಿ.

ತಾರೀಕಿನ ಮಾತು ಎತ್ತಲು ಕಾರಣವಿದೆ. ಅಮ್ಮನ ಟ್ರಂಕಿನಲ್ಲಿ, ಮದುವೆಯ ಸೀರೆಯ ಮಡಿಕೆಯೊಳಗೆ, ಎರಡು ಬೆರಳಗಲದ ಒಂದು ಪತ್ರಿಕೆ ತುಣುಕು ಸಿಕ್ಕಿತು. ಅವಳ ತಮ್ಮನಿಗೆ ಅಜ್ಜ ಹಾಕಿಸಿದ್ದು. ಘಟ್ಟದ ಕೆಳಗಿನ ಎಷ್ಟೋ ಹುಡುಗರು ಹೇಳದೆ ಕೇಳದೆ ಮುಂಬಯಿ ಹೋಟೆಲುಗಳಿಗೆ ಓಡಿಹೋಗುತ್ತಿದ್ದ ಕಾಲ. ‘ಎಲ್ಲಿದ್ದರೂ ಕೂಡಲೇ ಹೊರಟು ಬಾ. ಅಮ್ಮ ಊಟ ಬಿಟ್ಟಿದ್ದಾಳೆ. ಯಾರೂ ಏನೂ ಹೇಳುವುದಿಲ್ಲ.’ ಪತ್ರಿಕೆಯೊಂದರಲ್ಲಿ ಒಬ್ಬನೇ ಒಬ್ಬನನ್ನು ಏಕವಚನದಲ್ಲಿ ಕರೆಯುವ ಜಾಗ ಇದೊಂದೇ ಇರಬೇಕು. ಉಳಿದ ಪುಟಗಳೆಲ್ಲ ಎಲ್ಲರಿಗಾಗಿ, ಈ ಮೂರು ಸಾಲು ಅವನೊಬ್ಬನಿಗಾಗಿ. ಅಜ್ಜನಿಗೆ ಓದಲು ಬರೆಯಲು ಬರುತ್ತಿರಲಿಲ್ಲ. ಯಾರ ಕೈಯಲ್ಲಿ ಬರೆಸಿದರೋ, ಪದಕ್ಕೆ ಎಷ್ಟು ಕೊಟ್ಟರೋ. ‘ಯಾರೂ ಏನೂ ಹೇಳುವುದಿಲ್ಲ’ ಎಂಬ ಸಾಲನ್ನು ಬಿಟ್ಟರೆ ದುಡ್ಡು ಉಳಿಯುತ್ತಿತ್ತು, ಬಿಡಲಿಲ್ಲ.

ಮಾವ ಬರಲಿಲ್ಲ. ಯಾವ ವರ್ಷ ಹೋದರು ಎಂದು ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ. ತುಣುಕಿನ ಮೇಲೆ ತಾರೀಕಿಲ್ಲ. ಆದರೆ ಅದರ ಬೆನ್ನಿನಲ್ಲಿ ಆ ದಿನದ ಅಡಿಕೆ ಧಾರಣೆ ಅರ್ಧ ಉಳಿದಿದೆ, ಹಳತಿನ ಸಾಲು ಪೂರ್ತಿ ಇದೆ. ಅಪ್ಪ ಪ್ರತಿ ವರ್ಷ ಅಡಿಕೆ ಕೊಟ್ಟ ಕ್ರಯವನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಆ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ, ಎರಡನ್ನೂ ಎದುರೆದುರು ಇಟ್ಟು ನೋಡುತ್ತಿದ್ದೇನೆ. 1961ರಿಂದ ಶುರು ಮಾಡಿದ್ದು, 1968ರ ಪುಸ್ತಕದವರೆಗೆ ಬಂದಿದ್ದೇನೆ.