ಗೋಳ ಮೊದಲು, ಭೂಪಟ ಆಮೇಲೆ

ಅಕ್ಷಾಂಶ ಎಂದರೇನು, ರೇಖಾಂಶ ಎಂದರೇನು ಎಂದು ಕೇಳಿದರೆ ನಮ್ಮ ಪ್ರೌಢಶಾಲೆಯ ಮಕ್ಕಳು ಥಟ್ಟನೆ ಉತ್ತರ ಹೇಳುತ್ತಾರೆ. ಎರಡು ಅಂಕಕ್ಕೆ ಅಷ್ಟು ಸಾಕು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹತ್ತಿರದ ದಾರಿ ಯಾವುದು ಎಂದು ಕೇಳಿ ನೋಡಿ. ಗೋಡೆಯ ಭೂಪಟದ ಮೇಲೆ ಬೆರಳು ಪೂರ್ವಕ್ಕೋ ಪಶ್ಚಿಮಕ್ಕೋ ಸರಿಯುತ್ತದೆ, ಉತ್ತರಕ್ಕೆ ಮಾತ್ರ ಹೋಗುವುದಿಲ್ಲ. 2021ರ ಜನವರಿಯಲ್ಲಿ ಅಲ್ಲಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ನೇರ ವಿಮಾನ, ಮಹಿಳಾ ಪೈಲಟ್‌ಗಳೇ ನಡೆಸಿದ ವಿಮಾನ, ಉತ್ತರ ಧ್ರುವದ ಮೇಲೆ ಹಾದು ಬಂತು.

ಕಾರಣ ಆ ರೇಖಾಂಶದಲ್ಲೇ ಇದೆ. ಬೆಂಗಳೂರು ಗ್ರೀನಿಚ್‌ನಿಂದ ಪೂರ್ವಕ್ಕೆ ಸುಮಾರು 78 ಡಿಗ್ರಿ, ಸ್ಯಾನ್ ಫ್ರಾನ್ಸಿಸ್ಕೋ ಪಶ್ಚಿಮಕ್ಕೆ ಸುಮಾರು 122 ಡಿಗ್ರಿ. ಕೂಡಿದರೆ 200. ಸರಿಯಾಗಿ 180 ಆಗಿದ್ದರೆ ಎರಡೂ ಊರುಗಳು ಎದುರುಬದುರು ರೇಖಾಂಶಗಳ ಮೇಲಿದ್ದು, ಹತ್ತಿರದ ದಾರಿ ಧ್ರುವದ ಮೇಲೇ ಹಾಯುತ್ತಿತ್ತು. 200 ಅದಕ್ಕೆ ಹೆಚ್ಚು ದೂರವಿಲ್ಲ. ವ್ಯಾಖ್ಯೆ ಬಾಯಿಪಾಠವಾದ ಮಗುವಿಗೂ ಇದು ಹೊಳೆಯದಿರುವುದು ಅದರ ದಡ್ಡತನದಿಂದಲ್ಲ. ನಾವು ಗೋಳವನ್ನು ಕೈಗೆ ಕೊಡದೆ ಗೋಳದ ಮಾತುಗಳನ್ನು ಕಲಿಸಿದ್ದೇವೆ.

ಗೋಳದ ಮೈಯನ್ನು ಹಿಗ್ಗಿಸದೆ, ಕುಗ್ಗಿಸದೆ, ಹರಿಯದೆ ಸಮತಟ್ಟು ಹಾಳೆಗೆ ಇಳಿಸಲಾಗದು. ಜರ್ಮನಿಯ ಗಣಿತಜ್ಞ ಗೌಸ್ ಇದಕ್ಕೆ ಗಣಿತದ ಆಧಾರವನ್ನು 1827ರಲ್ಲೇ ಕೊಟ್ಟ. ಹಾಗಾಗಿ ಗೋಳವನ್ನು ಹಾಳೆಗೆ ಇಳಿಸುವ ಪ್ರತಿ ವಿಧಾನವೂ, ಅಂದರೆ ಪ್ರತಿ ಪ್ರಕ್ಷೇಪವೂ, ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಿಟ್ಟುಕೊಡುತ್ತದೆ. 1569ರಲ್ಲಿ ನಕ್ಷೆಗಾರ ಮರ್ಕೇಟರ್ ಉಳಿಸಿಕೊಂಡದ್ದು ದಿಕ್ಕನ್ನು. ದಿಕ್ಸೂಚಿ ಹಿಡಿದ ನಾವಿಕ ಒಂದೇ ದಿಕ್ಕಿನಲ್ಲಿ ಸಾಗಿದರೆ ಅವನ ಹಾದಿ ಆ ನಕ್ಷೆಯ ಮೇಲೆ ಸರಳರೇಖೆಯಾಗುತ್ತದೆ. ಕಡಲಿನಲ್ಲಿ ಅದಕ್ಕಿಂತ ದೊಡ್ಡ ಉಪಕಾರವಿರಲಿಲ್ಲ. ಬಿಟ್ಟುಕೊಟ್ಟದ್ದು ಗಾತ್ರವನ್ನು. 60ನೇ ಅಕ್ಷಾಂಶದಲ್ಲಿ ಉದ್ದ ಎರಡು ಪಟ್ಟು, ವಿಸ್ತೀರ್ಣ ನಾಲ್ಕು ಪಟ್ಟು ಕಾಣುತ್ತದೆ. ಭಾರತ ಸುಮಾರು 32.87 ಲಕ್ಷ ಚದರ ಕಿಲೋಮೀಟರ್, ಗ್ರೀನ್‌ಲ್ಯಾಂಡ್ ಸುಮಾರು 21.66 ಲಕ್ಷ. ಮರ್ಕೇಟರ್ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡಿನ ಪಕ್ಕದಲ್ಲಿ ಭಾರತ ಪುಟ್ಟದಾಗಿ ಕೂತಿರುತ್ತದೆ. ಅಂಥ ನಕ್ಷೆಯ ಮೂಲೆಯಲ್ಲಿ ಒಂದೇ ಅಳತೆಪಟ್ಟಿ ಅಚ್ಚಾಗಿದ್ದರೆ, ಸಮಭಾಜಕ ವೃತ್ತದ ಬಳಿ ಸರಿಯಾದದ್ದು ಓಸ್ಲೋ ಬಳಿ ದೂರವನ್ನು ದುಪ್ಪಟ್ಟು ತೋರಿಸುತ್ತದೆ. ನನಗೆ ಗ್ರೀನ್‌ಲ್ಯಾಂಡಿನ ಕಥೆಗಿಂತ ಇದೇ ಹೆಚ್ಚು ಕಳವಳದ ಸಂಗತಿ. ಇಲ್ಲಿ ಮಗು ನಂಬಿ ಅಳೆಯುತ್ತದೆ.

ಬೇರೆ ನಕ್ಷೆ ತೂಗುಹಾಕಿದರಾಯಿತು ಎನ್ನುವವರಿದ್ದಾರೆ. 1973ರಲ್ಲಿ ಆರ್ನೋ ಪೀಟರ್ಸ್ ಮುಂದಿಟ್ಟ ನಕ್ಷೆ ವಿಸ್ತೀರ್ಣವನ್ನು ಸರಿಯಾಗಿ ತೋರಿಸುತ್ತದೆ, ಆದರೆ ಆಫ್ರಿಕಾವನ್ನು ಉದ್ದಕ್ಕೆ ಎಳೆದು ಆಕಾರ ಕೆಡಿಸುತ್ತದೆ. ಒಂದು ಸೋಲಿನ ಜಾಗದಲ್ಲಿ ಇನ್ನೊಂದು ಬಂತು, ಅಷ್ಟೇ.

ಹಾಗೆಂದು ಭೂಪಟ ಬೇಡವೆನ್ನಲು ಬರುವುದಿಲ್ಲ. ಗೋಳದ ಮೇಲೆ ನಮ್ಮ ತಾಲ್ಲೂಕು ಒಂದು ಚುಕ್ಕೆಯೂ ಅಲ್ಲ. ಹಳ್ಳ, ಕೆರೆ, ಗುಡ್ಡದ ಏರಿಳಿತ ಓದಲು ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಹಾಳೆಯೇ ಬೇಕು. ಅಷ್ಟು ಸಣ್ಣ ಪ್ರದೇಶದಲ್ಲಿ ಭೂಮಿಯ ಬಾಗು ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಸ್ಕೇಲ್ ಇಟ್ಟು ಧೈರ್ಯವಾಗಿ ಅಳೆಯಬಹುದು. ಲೋಕಕ್ಕೆ ಗೋಳ, ಊರಿಗೆ ನಕ್ಷೆ: ಪಾಠ ಈ ಕ್ರಮದಲ್ಲಿ ನಡೆಯಬೇಕು.

ಗೂಗಲ್ ಮ್ಯಾಪ್ಸ್ ಕೂಡ 2018ರಿಂದ ಕಂಪ್ಯೂಟರಿನಲ್ಲಿ ಪೂರ್ತಿ ಹಿಂದೆ ಸರಿಸಿದಾಗ ಭೂಮಿಯನ್ನು ಗೋಳವಾಗಿ ತೋರಿಸತೊಡಗಿದೆ. ಶಾಲೆಗಳು ಹಿಂದುಳಿಯಬೇಕಿಲ್ಲ. ಮೇಷ್ಟರುಗಳಲ್ಲಿ ನನ್ನ ಕೋರಿಕೆ ಇಷ್ಟೆ: ಗಾಜಿನ ಬೀರುವಿನಲ್ಲಿ ಧೂಳು ಹಿಡಿದಿರುವ ಗೋಳವನ್ನು ಹೊರಗೆ ತೆಗೆಯಿರಿ. ಅಕ್ಷಾಂಶದ ವ್ಯಾಖ್ಯೆ ಬರೆಸುವ ಮೊದಲು ಅದನ್ನು ಮಕ್ಕಳ ಕೈಗೆ ಕೊಡಿ.