ಗುಜರಿಗಲ್ಲ, ದುರಸ್ತಿಗೆ!

ಗುಬ್ಬಿ, ಕುಣಿಗಲ್ ಕಡೆಯ ಹಿತ್ತಲುಗಳಲ್ಲಿ ಮಳೆಗೆ ನೆಂದು ನಿಂತ ಹಳೆಯ ಎಚ್.ಎಂ.ಟಿ. ಟ್ರ್ಯಾಕ್ಟರಿನ ಪಿಸ್ಟನ್ ಹಿಡಿದುಕೊಂಡರೆ, "ಗುಜರಿಗೆ ಹಾಕಿ, ಸಾಲ ಮಾಡಿ ಹೊಸದು ತನ್ನಿ" ಎನ್ನುವವರೇ ಹೆಚ್ಚು. ನಾವು ಒಪ್ಪೆವು. ಹಿಡಿದಿರುವುದು ರಿಂಗಿಗೂ ಲೈನರಿಗೂ ನಡುವಿನ ತುಕ್ಕು ಮಾತ್ರ. ಹೆಡ್ ಬಿಚ್ಚಿ, ಸೀಮೆಎಣ್ಣೆಗೆ ಎಂಜಿನ್ ಎಣ್ಣೆ ಬೆರೆಸಿ ಸುರಿದು ನಾಲ್ಕಾರು ದಿನ ನೆನೆಯಬಿಡಿ. ಮರದ ತುಂಡಿಟ್ಟು ಮೆಲ್ಲಗೆ ತಟ್ಟಿ, ಫ್ಲೈವೀಲನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿ. ಬೇರೆ ಗಾಡಿಗೆ ಕಟ್ಟಿ ಎಳೆದಿರೋ, ರಿಂಗು ಮುರಿದೀತು, ಕನೆಕ್ಟಿಂಗ್ ರಾಡು ಬಾಗೀತು!

ಇದೇ ಗುಜರಿ ಮಂತ್ರವನ್ನು 2016ರಲ್ಲಿ ಕೇಂದ್ರ ಸರ್ಕಾರವೂ ಜಪಿಸಿತು. ತುಮಕೂರಿನ ಗಡಿಯಾರ ಕಾರ್ಖಾನೆಗೂ ಪಿಂಜೋರಿನ ಟ್ರ್ಯಾಕ್ಟರ್ ಘಟಕಕ್ಕೂ ಬೀಗ ಬಿತ್ತು. ಗಿರಾಕಿ ಹೋದ ಅಂಗಡಿಯವನನ್ನು ಕೇಳಿದವರಾರು? ತುಕ್ಕು ಬಿಡಿಸುವ ತಾಳ್ಮೆಯಿಲ್ಲದವರ ಕಣ್ಣಿಗೆ ದುಡಿಯುವ ಕೈಯೂ ಗುಜರಿಯೇ!