‘ಅಪಾಯ ಗೊತ್ತಿತ್ತಲ್ಲ’ ಎಂಬ ಅಗ್ಗದ ಸಮಾಧಾನ

2019ರ ಸೆಪ್ಟೆಂಬರ್ 21, ಶನಿವಾರ. ರಾಜಸ್ಥಾನದ ಬಾರ್ಮೇರ್ ಜಿಲ್ಲೆಯಲ್ಲಿ ರಾಷ್ಟ್ರೀಯ ರ್‍ಯಾಲಿ ಚಾಂಪಿಯನ್‌ಷಿಪ್‌ನ ಒಂದು ಸುತ್ತು ನಡೆಯುತ್ತಿತ್ತು. ಸ್ಪರ್ಧೆಗೆಂದು ಮುಚ್ಚಿದ್ದ ರಸ್ತೆಗೆ ಒಂದು ಬೈಕ್ ಬಂತು. ಅದರ ಮೇಲೆ ಗಂಡ, ಹೆಂಡತಿ, ಮಗ. ವೇಗವಾಗಿ ಬಂದ ರ್‍ಯಾಲಿ ಕಾರು ಬೈಕಿಗೆ ಬಡಿಯಿತು, ಮೂವರೂ ಸತ್ತರು. ಸ್ಪರ್ಧೆ ರದ್ದಾಯಿತು, ಪೊಲೀಸ್ ಮೊಕದ್ದಮೆ ದಾಖಲಾಯಿತು. ಅದರ ಬೆನ್ನಿಗೇ ಆ ಹಳೆಯ ಪ್ರಶ್ನೆಯೂ ಬಂತು: ರಸ್ತೆ ಮುಚ್ಚಿತ್ತಲ್ಲ, ಅವರು ಯಾಕೆ ಬಂದರು?

ಈ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು. ಆ ರಸ್ತೆ ಯಾರದು? ವರ್ಷದ ಉಳಿದ ದಿನಗಳಲ್ಲಿ ಅದು ಸಂತೆಗೆ, ಆಸ್ಪತ್ರೆಗೆ, ನೆಂಟರ ಮನೆಗೆ ಹೋಗುವ ದಾರಿ. ಎರಡು ದಿನದ ಮಟ್ಟಿಗೆ ಅದನ್ನು ಕಡ ಪಡೆದವರು ಸಂಘಟಕರು. ಕಡ ಪಡೆದವರಿಗೇ ಹೊಣೆ ಹೆಚ್ಚು ಎಂಬುದು ಯಾವ ಊರಿನಲ್ಲಾದರೂ ಸಾಮಾನ್ಯ ವಿವೇಕ. ಮೋಟಾರ್ ರೇಸಿಂಗ್ ಜಗತ್ತಿನಲ್ಲಿ ಮಾತ್ರ ಈ ವಿವೇಕ ತಲೆಕೆಳಗಾಗಿದೆ. ಅಲ್ಲಿ ಸತ್ತವನೇ ಮೊದಲ ಆರೋಪಿ.

‘ಅಪಾಯ ಗೊತ್ತಿದ್ದೇ ಬಂದರು’ ಎಂಬ ವಾದಕ್ಕೆ ಸುಮಾರು ನೂರು ವರ್ಷಗಳ ಇತಿಹಾಸವಿದೆ. 1930ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಕಾರೊಂದು ಕಂಬಿ ದಾಟಿ ಪ್ರೇಕ್ಷಕರ ಮೇಲೆ ಬಿತ್ತು, ಇಬ್ಬರು ಸತ್ತರು. ಗಾಯಗೊಂಡ ಪ್ರೇಕ್ಷಕನೊಬ್ಬ ಕೋರ್ಟಿಗೆ ಹೋದ. ಆದರೆ ಇಂಥ ಅವಘಡದ ಹೊಣೆ ಸಂಘಟಕರದಲ್ಲ ಎಂದು ಮೇಲ್ಮನವಿ ನ್ಯಾಯಾಲಯ ತೀರ್ಮಾನಿಸಿತು. 1962ರಲ್ಲಿ ಅದೇ ದೇಶದ ನ್ಯಾಯಾಲಯದ ಮುಂದೆ ಒಬ್ಬ ಕ್ಯಾಮೆರಾಮನ್‌ನ ಪ್ರಕರಣ ಬಂತು. ಕುದುರೆ ಸ್ಪರ್ಧೆಯೊಂದರಲ್ಲಿ ಅಂಕಣದ ಅಂಚಿನಲ್ಲಿದ್ದಾಗ ಕುದುರೆ ಅವನನ್ನು ಬೀಳಿಸಿತ್ತು. ಅವನೂ ಸೋತ. ಆ ತೀರ್ಪುಗಳ ಸೂಕ್ಷ್ಮಗಳು ಕಾನೂನು ಪುಸ್ತಕದಲ್ಲೇ ಉಳಿದವು. ರೇಸ್ ಮೈದಾನಕ್ಕೆ ದಾಟಿ ಬಂದದ್ದು ಟಿಕೆಟ್ಟಿನ ಹಿಂಬದಿಯ ಸಣ್ಣ ಅಕ್ಷರ ಮತ್ತು ‘ಮೋಟಾರ್ ಕ್ರೀಡೆ ಅಪಾಯಕಾರಿ’ ಎಂಬ ಬೋರ್ಡು. ಬೋರ್ಡು ನೆಟ್ಟರೆ ಕರ್ತವ್ಯ ಮುಗಿಯಿತು ಎಂಬ ನಂಬಿಕೆ ಅಲ್ಲಿಂದ ಗಟ್ಟಿಯಾಯಿತು.

ಆದರೆ ಅಪಾಯ ಗೊತ್ತಿತ್ತು ಎಂದರೆ ಏನು ಗೊತ್ತಿತ್ತು? 1955ರ ಜೂನ್ 11ರಂದು ಫ್ರಾನ್ಸಿನ ಲ ಮಾನ್ಸ್‌ನಲ್ಲಿ ಪಿಯರ್ ಲೆವೆಗ್ ಓಡಿಸುತ್ತಿದ್ದ ಮರ್ಸಿಡಿಸ್ ಇನ್ನೊಂದು ಕಾರಿಗೆ ತಾಗಿ ಹಾರಿತು. ಅದರ ಎಂಜಿನ್ ಮತ್ತಿತರ ಭಾಗಗಳು ಕಿಕ್ಕಿರಿದ ಜನರ ನಡುವೆ ನುಗ್ಗಿ 80ಕ್ಕೂ ಹೆಚ್ಚು ಮಂದಿ ಸತ್ತರು. ಅವರಿಗೂ ಓಟದ ದಾರಿಗೂ ನಡುವೆ ಇದ್ದದ್ದು ಒಂದು ತಗ್ಗಿನ ಮಣ್ಣಿನ ದಿಬ್ಬ. ಕಾರುಗಳ ವೇಗ ಎಷ್ಟು, ದಿಬ್ಬದ ಎತ್ತರ ಎಷ್ಟು, ಎರಡನ್ನೂ ಬಲ್ಲವರು ಸಂಘಟಕರು. ಟಿಕೆಟ್ ಕೊಂಡು ಬಂದ ಪ್ರೇಕ್ಷಕನಿಗೆ ಗೊತ್ತಿದ್ದದ್ದು ಇಷ್ಟೇ: ತನ್ನನ್ನು ಇಲ್ಲಿ ನಿಲ್ಲಲು ಬಿಟ್ಟಿದ್ದಾರೆ, ಹಾಗಾದರೆ ಇಲ್ಲಿ ನಿಲ್ಲಬಹುದು.

ಎರಡು ವರ್ಷದ ನಂತರ, 1957ರ ಮೇ ತಿಂಗಳಲ್ಲಿ, ಇಟಲಿಯ ಮಿಲ್ಲೆ ಮಿಲಿಯಾ ಓಟದಲ್ಲಿ ಫೆರಾರಿಯೊಂದರ ಟೈರ್ ಸಿಡಿಯಿತು. ಚಾಲಕ, ಸಹಚಾಲಕರ ಜೊತೆ ರಸ್ತೆಬದಿಯಲ್ಲಿ ನಿಂತಿದ್ದ 9 ಮಂದಿ ಸತ್ತರು. ಅವರಲ್ಲಿ 5 ಮಕ್ಕಳು. ಆ ಮಕ್ಕಳು ಯಾವ ಅಪಾಯಕ್ಕೆ ಒಪ್ಪಿಗೆ ಕೊಟ್ಟಿದ್ದರು? 1961ರಲ್ಲಿ ಮೊಂಜಾದಲ್ಲಿ ವೊಲ್ಫ್‌ಗಾಂಗ್ ಫಾನ್ ಟ್ರಿಪ್ಸ್ ಅವರ ಕಾರು ಪ್ರೇಕ್ಷಕರತ್ತ ಹಾರಿದಾಗ ಅವರ ಜೊತೆ 15 ಪ್ರೇಕ್ಷಕರು ಸತ್ತರು. ಲ ಮಾನ್ಸ್‌ನ ನಂತರ ಸ್ವಿಟ್ಜರ್ಲೆಂಡ್ ಸರ್ಕ್ಯೂಟ್ ರೇಸಿಂಗನ್ನೇ ನಿಷೇಧಿಸಿತು. ಮಿಲ್ಲೆ ಮಿಲಿಯಾ ರಸ್ತೆ ಓಟವಾಗಿ ಅಲ್ಲಿಗೆ ಮುಗಿಯಿತು. ಪ್ರತಿ ಸಲವೂ ಊರು ಕೊಳ್ಳೆ ಹೋದ ಮೇಲೆಯೇ ಕೋಟೆ ಬಾಗಿಲು.

ಪತ್ರಕರ್ತರು, ಛಾಯಾಗ್ರಾಹಕರ ಕತೆ ಇನ್ನೂ ವಿಚಿತ್ರ. ಪ್ರೇಕ್ಷಕನನ್ನು ಬೇಲಿಯ ಹಿಂದೆ ನಿಲ್ಲಿಸುವ ಸಂಘಟಕರು ಕ್ಯಾಮೆರಾ ಹಿಡಿದವನಿಗೆ ಒಂದು ಬಣ್ಣದ ಜಾಕೆಟ್ ತೊಡಿಸಿ ಬೇಲಿಯ ಈಚೆಗೆ ಬಿಡುತ್ತಾರೆ. ಅದಕ್ಕೆ ಮೊದಲು ‘ಏನಾದರೂ ಆದರೆ ನೀವು ಹೊಣೆಯಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಕಾರು ಮುಖಕ್ಕೆ ನುಗ್ಗಿ ಬರುವಂತೆ ಕಾಣುವ ಚಿತ್ರ ಪ್ರಾಯೋಜಕರಿಗೆ ಬೇಕು, ಚಾನೆಲ್ಲಿಗೆ ಬೇಕು, ಸಂಘಟಕರ ಮುಂದಿನ ವರ್ಷದ ಪೋಸ್ಟರಿಗೂ ಬೇಕು. ಆ ಚಿತ್ರ ತೆಗೆಯಲು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತವನು ಎಷ್ಟೋ ಸಲ ಸಂಬಳವಿಲ್ಲದ, ವಿಮೆಯಿಲ್ಲದ, ಚಿತ್ರ ಮಾರಾಟವಾದರೆ ಮಾತ್ರ ದುಡ್ಡು ಕಾಣುವ ಹುಡುಗ.

2013ರ ಜುಲೈ 7ರಂದು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಮಾರ್ಕ್ ವೆಬರ್ ಅವರ ಕಾರು ಪಿಟ್‌ನಿಂದ ಹೊರಟಾಗ ಸರಿಯಾಗಿ ಬಿಗಿಯದ ಹಿಂದಿನ ಚಕ್ರ ಕಳಚಿತು. ಅದು ಪಿಟ್ ಲೇನ್‌ನಲ್ಲಿ ಪುಟಿಯುತ್ತಾ ಹೋಗಿ ಒಬ್ಬ ಟಿವಿ ಕ್ಯಾಮೆರಾಮನ್‌ಗೆ ಬಡಿಯಿತು. ಅವನ ಕೊರಳೆಲುಬು, ಪಕ್ಕೆಲುಬುಗಳು ಮುರಿದವು, ಜೀವ ಉಳಿಯಿತು. ತಂಡಕ್ಕೆ ಬಿದ್ದ ದಂಡ 30,000 ಯೂರೋ. ಗಮನಿಸಬೇಕಾದದ್ದು ಅದರ ನಂತರದ ಬೆಳವಣಿಗೆ. ಕೆಲವೇ ದಿನಗಳಲ್ಲಿ ಜಾಗತಿಕ ಸಂಸ್ಥೆ ಎಫ್‌ಐಎ ಹೊಸ ನಿಯಮ ತಂದಿತು: ಅರ್ಹತಾ ಸುತ್ತು ಮತ್ತು ರೇಸ್ ವೇಳೆ ಮಾಧ್ಯಮದವರು ಪಿಟ್ ಲೇನ್‌ಗೆ ಇಳಿಯುವಂತಿಲ್ಲ, ಕ್ಯಾಮೆರಾದವರು ಪಿಟ್ ಗೋಡೆಯ ಬಳಿಯೇ ಇರಬೇಕು, ಪಿಟ್ ಸಿಬ್ಬಂದಿ ಹೆಲ್ಮೆಟ್ ಹಾಕಬೇಕು, ಪಿಟ್ ಲೇನ್‌ನ ವೇಗಮಿತಿ ಗಂಟೆಗೆ 100ರಿಂದ 80 ಕಿಲೋಮೀಟರಿಗೆ ಇಳಿಯಬೇಕು. ಇದರಿಂದ ಫಾರ್ಮುಲಾ ಒನ್ ಮುಳುಗಿತೇ? ನೋಡುಗರು ಟಿವಿ ಆರಿಸಿದರೇ? ಏನೂ ಆಗಲಿಲ್ಲ. ಕೆಲವೇ ದಿನಗಳಲ್ಲಿ ಆಗುವ ಕೆಲಸವನ್ನು ಅಷ್ಟು ವರ್ಷ ಮಾಡದೆ ಇದ್ದದ್ದಕ್ಕೆ ಯಾವ ತಾಂತ್ರಿಕ ಕಾರಣವೂ ಇರಲಿಲ್ಲ. ಯಾರ ಮೂಳೆಯೂ ಮುರಿದಿರಲಿಲ್ಲ, ಅಷ್ಟೇ.

ಕೆಲವರ ವಿಷಯದಲ್ಲಿ ಮೂಳೆಗೇ ಮುಗಿಯಲಿಲ್ಲ. 2000ದ ಸೆಪ್ಟೆಂಬರಿನಲ್ಲಿ ಮೊಂಜಾದಲ್ಲಿ, ಆರು ತಿಂಗಳೊಳಗೆ 2001ರ ಮಾರ್ಚಿನಲ್ಲಿ ಮೆಲ್ಬರ್ನ್‌ನಲ್ಲಿ, ತಲಾ ಒಬ್ಬ ಮಾರ್ಷಲ್ ಸತ್ತರು. ಎರಡೂ ಕಡೆ ಜೀವ ತೆಗೆದದ್ದು ಅಪಘಾತವಾದ ಕಾರಿನಿಂದ ಕಳಚಿದ ಚಕ್ರ. ಮೆಲ್ಬರ್ನ್‌ನಲ್ಲಿ ಅದು ಬೇಲಿಯಲ್ಲಿದ್ದ ಕಿಂಡಿಯ ಮೂಲಕವೇ ತೂರಿ ಬಂದಿತ್ತು. ಕೋಟಿಗಟ್ಟಲೆ ವಹಿವಾಟಿನ ಕ್ರೀಡೆಯನ್ನು ಕಾಯುತ್ತಿದ್ದವರು ಪ್ರೀತಿಯಿಂದ ಬಂದ ಸ್ವಯಂಸೇವಕರು.

ಸಂಘಟಕರ ಪರವಾಗಿ ಹೇಳುವ ಮಾತೊಂದಿದೆ, ಅದರಲ್ಲಿ ಹುರುಳೂ ಇದೆ. ರ್‍ಯಾಲಿ ನೋಡಲು ಬರುವ ಜನ ಮಾತು ಕೇಳುವುದಿಲ್ಲ. ತಿರುವಿನ ಹೊರಬದಿಯಲ್ಲಿ ನಿಲ್ಲುತ್ತಾರೆ, ಟೇಪ್ ದಾಟುತ್ತಾರೆ, ಮೊಬೈಲ್ ಹಿಡಿದು ರಸ್ತೆಗೇ ಬರುತ್ತಾರೆ. 1986ರಲ್ಲಿ ಪೋರ್ಚುಗಲ್ ರ್‍ಯಾಲಿಯಲ್ಲಿ ಜನ ರಸ್ತೆಯ ಮೇಲೆಯೇ ನಿಂತು, ಕಾರು ಬಂದಾಗ ಕೊನೆಯ ಗಳಿಗೆಯಲ್ಲಿ ಸರಿಯುವುದನ್ನೇ ಪೌರುಷ ಮಾಡಿಕೊಂಡಿದ್ದರು. ಅಲ್ಲಿ ಫೋರ್ಡ್ ಕಾರೊಂದು ಗುಂಪಿಗೆ ನುಗ್ಗಿ ಮೂವರು ಸತ್ತರು. ಆದರೆ ಆ ದಿನ ಸರಿಯಾದ ಕೆಲಸ ಮಾಡಿದವರು ಯಾರು? ಕಂಪನಿ ತಂಡಗಳ ಚಾಲಕರು. ಇಂಥ ಜನಸಂದಣಿಯ ನಡುವೆ ಕಾರು ಓಡಿಸುವುದಿಲ್ಲ ಎಂದು ಅವರು ಲಿಖಿತವಾಗಿ ಹೇಳಿ ಹಿಂದೆ ಸರಿದರು. ರ್‍ಯಾಲಿ ನಿಲ್ಲಲಿಲ್ಲ. ಜನ ಮಾತು ಕೇಳದಿದ್ದರೆ ಸ್ಪರ್ಧೆ ನಿಲ್ಲಿಸುವುದೇ ಉತ್ತರ. ಜನ ಕೇಳುವುದಿಲ್ಲ ಎಂದು ಗೊತ್ತಿದ್ದೂ ಕಾರಿಗೆ ಹಸಿರು ನಿಶಾನೆ ತೋರಿದವನು, ಆಮೇಲೆ ಜನರ ಮೊಂಡುತನವನ್ನು ದೂರುವ ಹಕ್ಕು ಕಳೆದುಕೊಳ್ಳುತ್ತಾನೆ.

ಭಾರತದಲ್ಲಿ ಈ ಮಾತು ಈಗ ಹೆಚ್ಚು ತುರ್ತಿನದು, ಯಾಕೆಂದರೆ ರೇಸ್ ಊರೊಳಗೆ ಬರುತ್ತಿದೆ. 2011ರಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ ದೇಶದ ಮೊದಲ ಫಾರ್ಮುಲಾ ಒನ್‌ನ ಮೊದಲ ಅಭ್ಯಾಸದ ವೇಳೆ ಬೀದಿನಾಯಿಯೊಂದು ಟ್ರ್ಯಾಕಿಗೆ ಬಂತು. ಎಲ್ಲರೂ ನಕ್ಕರು. ಸುತ್ತಲೂ ಬೇಲಿಯಿರುವ ಹೊಚ್ಚಹೊಸ ಟ್ರ್ಯಾಕಿಗೆ ನಾಯಿ ಬರಬಹುದಾದರೆ ತೆರೆದ ಹಳ್ಳಿಯ ರಸ್ತೆಗೆ ಬೈಕ್ ಬರುವುದು ಆಶ್ಚರ್ಯವೇ ಅಲ್ಲ. 2023ರ ಫೆಬ್ರವರಿಯಲ್ಲಿ ಹೈದರಾಬಾದಿನ ಹುಸೇನ್ ಸಾಗರದ ದಡದಲ್ಲಿ ಫಾರ್ಮುಲಾ ಇ ನಡೆಯಿತು. 2024ರ ಆಗಸ್ಟ್ ಕೊನೆಯಲ್ಲಿ ಚೆನ್ನೈನ ಐಲ್ಯಾಂಡ್ ಗ್ರೌಂಡ್ಸ್ ಸುತ್ತ ರಾತ್ರಿ ರೇಸ್ ನಡೆಯಿತು. ಎಫ್‌ಐಎ ಪ್ರಮಾಣಪತ್ರ ಸಿಗದೆ ರೇಸ್ ನಡೆಸುವಂತಿಲ್ಲ ಎಂದು ಮದ್ರಾಸ್ ಹೈಕೋರ್ಟ್ ಕಟ್ಟುನಿಟ್ಟಾಗಿ ಹೇಳಿತ್ತು. ಪ್ರಮಾಣಪತ್ರ ತಡವಾಯಿತು, ಕಾರುಗಳು ಕಾದವು, ಆಮೇಲೆ ಓಡಿದವು. ಹೊರಗಿನವರೊಬ್ಬರು ‘ನಿಲ್ಲಿ’ ಎನ್ನುವ ಅಧಿಕಾರ ಹೊಂದಿದ್ದರೆ ಆಗುವ ನಷ್ಟ ಕೆಲವು ಗಂಟೆಗಳದ್ದು. ಚೆನ್ನೈನ ನಡುಮಧ್ಯಕ್ಕೆ ಸಿಕ್ಕ ಈ ಕಾವಲು ಬಾರ್ಮೇರಿನ ಹಳ್ಳಿಗೋ ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗೋ ಸಿಗಬಾರದೇಕೆ?

1985ರಲ್ಲಿ ದಿಲ್ಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು. ಅಪಾಯಕಾರಿ ಉದ್ಯಮ ನಡೆಸುವವರು ಅದರಿಂದಾದ ಹಾನಿಗೆ ಸಂಪೂರ್ಣ ಹೊಣೆ, ಎಚ್ಚರ ವಹಿಸಿದ್ದೆವು ಎಂಬ ನೆಪ ನಡೆಯದು. ಅದು ಕಾರ್ಖಾನೆಗಳ ಬಗ್ಗೆ ಹೇಳಿದ ಮಾತು. ಆದರೆ ಅದರ ಹಿಂದಿನ ನ್ಯಾಯ ರೇಸ್‌ಗೂ ಒಪ್ಪುತ್ತದೆ: ಲಾಭ ಯಾರದೋ ಹೊಣೆಯೂ ಅವರದೇ.

ಆಗಬೇಕಾದ ಕೆಲಸ ಕಷ್ಟದ್ದೇನಲ್ಲ. ಸಂಘಟಕರ ಸಂಬಳ ಪಡೆಯದ ಸುರಕ್ಷತಾ ಅಧಿಕಾರಿ ಇರಲಿ, ಒಬ್ಬನೇ ಒಬ್ಬ ತಪ್ಪು ಜಾಗದಲ್ಲಿದ್ದರೂ ಆ ಹಂತವನ್ನು ರದ್ದು ಮಾಡುವ ಅಧಿಕಾರ ಅವರಿಗಿರಲಿ. ರಸ್ತೆ ಮುಚ್ಚುವ ವಾರ ಮೊದಲೇ ಹಳ್ಳಿಯ ಮನೆಮನೆಗೆ ಅವರದೇ ಭಾಷೆಯಲ್ಲಿ ಸುದ್ದಿ ಹೋಗಲಿ. ಪ್ರತಿ ಕಾಲುದಾರಿ ಸೇರುವಲ್ಲಿ ಟೇಪಿನ ಬದಲು ಒಬ್ಬ ಮನುಷ್ಯ ನಿಲ್ಲಲಿ. ಮಾಧ್ಯಮದ ಜಾಕೆಟ್ ಕೊಡುವ ಮೊದಲು ತರಬೇತಿ, ಅದರ ಜೊತೆ ವಿಮೆ ಕಡ್ಡಾಯವಾಗಲಿ. ಸಾವು ಸಂಭವಿಸಿದರೆ ವಿಚಾರಣೆಯ ವರದಿ ಸಾರ್ವಜನಿಕರ ಕೈಗೆ ಸಿಗಲಿ.

ಇಷ್ಟೆಲ್ಲ ಮಾಡಿದರೆ ಚಿಕ್ಕ ಕ್ಲಬ್‌ಗಳು ಬಾಗಿಲು ಹಾಕುತ್ತವೆ ಎನ್ನುವವರು ಸ್ಕಾಟ್ಲೆಂಡ್ ಕಡೆ ನೋಡಬಹುದು. 2013ರಲ್ಲಿ ಅಲ್ಲಿಯ ಒಂದು ರ್‍ಯಾಲಿಯಲ್ಲಿ ಒಬ್ಬರು, 2014ರ ಜಿಮ್ ಕ್ಲಾರ್ಕ್ ರ್‍ಯಾಲಿಯಲ್ಲಿ ಮೂವರು ಪ್ರೇಕ್ಷಕರು ಸತ್ತರು. ಏನು ಮಾಡಿದ್ದರೆ ಈ ಸಾವುಗಳು ತಪ್ಪುತ್ತಿದ್ದವು ಎಂದು ನ್ಯಾಯಾಧೀಶರೊಬ್ಬರು ಬಹಿರಂಗವಾಗಿ ವಿಚಾರಣೆ ನಡೆಸಿದರು. ಜಿಮ್ ಕ್ಲಾರ್ಕ್ ರ್‍ಯಾಲಿ ವರ್ಷಗಟ್ಟಲೆ ಮುಚ್ಚಿದ ರಸ್ತೆಗಳಿಂದ ದೂರವಿತ್ತು. 2019ರಲ್ಲಿ ಮತ್ತೆ ಬಂತು. ಅದೇ ವರ್ಷ ಬಾರ್ಮೇರಿನಲ್ಲಿ ಒಂದು ಕುಟುಂಬ ಇಲ್ಲವಾಯಿತು. ಆ ಮೂವರು ಟಿಕೆಟ್ ಕೊಂಡಿರಲಿಲ್ಲ, ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ.